ದಟ್ಟಣೆಗೆ ಮಾನವಿತ್ತ ಮಾಸ್ತರರು: ಅಗ್ನರ್ ಕ್ರಾರುಪ್ ಎರ್ಲಾಂಗ್

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತನು ತನ್ನ ಹೊಲವನ್ನು ಎಕರೆ-ಗುಂಟೆಗಳಲ್ಲಿ ಅಳೆಯುವನು. ಬೆಳೆದ ತೊಗರಿಯನ್ನು ಕ್ವಿಂಟಲಿನಲ್ಲಿ ತೂಗುವನು. ಹಿರಿಯರಾದವರು ಸೇರು, ಮಣ, ಖಂಡುಗಗಳ ಲೆಕ್ಕವನ್ನು ಇನ್ನೂ ಮರೆತಿಲ್ಲ. ಭೂಮಿಗೆ, ಧಾನ್ಯಕ್ಕೆ, ಬಟ್ಟೆಗೆ, ಎಣ್ಣೆಗೆ ಒಂದೊಂದು ಮಾನವಿರುವಾಗ ತಂತಿಯ ಮೂಲಕ ಹರಿದುಹೋಗುವ ಜನರ ಮಾತಿಗೂ ಒಂದು ಮಾನ ಬೇಡವೇ? ಬೇಕೆಂಬುದನ್ನು ಕಂಡುಕೊಂಡು, ಅದಕ್ಕೆ ತಕ್ಕ ಗಣಿತವನ್ನು ಕಟ್ಟಿಕೊಟ್ಟವರು ಡೆನ್ಮಾರ್ಕ್ ದೇಶದ ಅಗ್ನರ್ ಕ್ರಾರುಪ್ ಎರ್ಲಾಂಗರು. ಅವರು ಹಳ್ಳಿಯ ಶಾಲಾ ಮಾಸ್ತರರ ಮಗ. ತಾವೂ ಏಳು ವರ್ಷ ಶಾಲೆಗಳಲ್ಲಿ ಪಾಠ ಹೇಳಿದವರು. ಆದುದರಿಂದ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಅವರ ಜೀವನವನ್ನು ಸ್ಮರಿಸುವುದು ಅನುಚಿತವಾಗಲಾರದು.

ದೂರಸಂಪರ್ಕ ಶಾಸ್ತ್ರದಲ್ಲಿ ಮಹನೀಯರ ಹೆಸರುಗಳನ್ನು ಹೊತ್ತ ಏಕಮಾನಗಳು ಹಲವಿವೆ. ಸಂಕೇತದ ಬಲವು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದನ್ನು ತಿಳಿಸುವ ಡೆಸಿಬೆಲ್ ಎಂಬ ಮಾನದಲ್ಲಿ ದೂರವಾಣಿಯ ಜನಕನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ಹೆಸರಿದೆ. ಸೆಕೆಂಡಿಗೆ ಎಷ್ಟು ಕಂಪನಗಳೆಂಬುದನ್ನು ಹೇಳುವ ಹರ್ಟ್ಸ್ ಎಂಬುದು ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗದಿಂದ ತೋರಿಸಿದ ಜರ್ಮನಿಯ ಹೈನ್ರಿಕ್ ಹರ್ಟ್ಸನ ಹೆಸರು. ತಂತಿ ಸಂದೇಶಗಳ ವೇಗವನ್ನು ಅಳೆಯುವ ಬಾಡ್ ಎಂಬ ಮಾನವು ಫ್ರಾನ್ಸಿನ ಎಮಿಲ್ ಬೋದೋನಿಂದ ಬಂದುದು. ಇವೆಲ್ಲವೂ ತಂತಿಯ ಗುಣವನ್ನೋ ಅಲೆಯ ಗುಣವನ್ನೋ ಅಳೆಯತಕ್ಕವು. ಎರ್ಲಾಂಗ್ ಎಂಬ ಮಾನವು ಇವುಗಳಿಂದ ಬೇರೆಯಾದುದು. ತಂತಿಯ ಮುಂದೆ ಬಂದು ನಿಲ್ಲುವ ಜನರ ದಟ್ಟಣೆಯನ್ನು, ಅವರಲ್ಲಿ ಎಷ್ಟು ಮಂದಿ ಬರಿಗೈಯಲ್ಲಿ ಮರಳುವರು, ಎಷ್ಟು ಮಂದಿ ಕಾಯುವರು ಎಂಬುದನ್ನು ಲೆಕ್ಕ ಹಾಕಲು ಅದು ಆಧಾರ.

ಎರ್ಲಾಂಗರು ಜನಿಸಿದ್ದು 1878ನೆಯ ಇಸವಿ ಜನವರಿ 1ರಂದು, ಡೆನ್ಮಾರ್ಕಿನ ಪಶ್ಚಿಮ ಭಾಗವಾದ ಜಟ್‌ಲೆಂಡಿನ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗರು ಊರಿನ ಶಾಲೆಯ ಶಿಕ್ಷಕರೂ ಅಲ್ಲಿನ ಇಗರ್ಜಿಯ ಲೆಕ್ಕಪತ್ರ ಬರೆಯುವವರೂ ಆಗಿದ್ದರು. ತಾಯಿ ಮ್ಯಾಗ್ಡಲೀನ್ ಕ್ರಾರುಪರದು ಪುರೋಹಿತ ಮನೆತನ. ಆ ಮನೆತನದ ಪೂರ್ವಿಕರಲ್ಲಿ ಥಾಮಸ್ ಫಿಂಕೆ ಎಂಬ ಹದಿನಾರನೆಯ ಶತಮಾನದ ಗಣಿತಜ್ಞನೊಬ್ಬನಿದ್ದನು. ತ್ರಿಕೋನಮಿತಿಯಲ್ಲಿ ಇಂದಿಗೂ ನಮ್ಮ ಮಕ್ಕಳು ಕಲಿಯುವ ಟ್ಯಾಂಜೆಂಟ್, ಸೀಕೆಂಟ್ ಎಂಬ ಹೆಸರುಗಳನ್ನು 1583ರಲ್ಲಿ ಬಳಕೆಗೆ ತಂದವನು ಇವನೇ. ಅಗ್ನರನಿಗಿಂತ ಎರಡು ವರ್ಷ ದೊಡ್ಡವನಾದ ಫ್ರೆಡರಿಕ್ ಎಂಬ ಅಣ್ಣನೂ ಮೇರಿ, ಇಂಗೆಬೋರ್ಗ್ ಎಂಬ ಇಬ್ಬರು ತಂಗಿಯರೂ ಇದ್ದರು. ನಾಲ್ವರೂ ತಂದೆಯ ಶಾಲೆಯಲ್ಲಿಯೇ ಅಕ್ಷರ ಕಲಿತರು.

ಬಾಲ್ಯದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಸಂಜೆಯ ಹೊತ್ತು ಫ್ರೆಡರಿಕನು ಪುಸ್ತಕವನ್ನು ತನ್ನ ಮುಂದೆ ಸರಿಯಾಗಿ ಇಟ್ಟುಕೊಂಡು ಓದುವನು. ಅದೇ ಪುಸ್ತಕವನ್ನು ಓದುವ ಆಸೆಯುಳ್ಳ ಅಗ್ನರನು ಎದುರಿಗೆ ಕುಳಿತು ತಲೆಕೆಳಗಾದ ಅಕ್ಷರಗಳನ್ನೇ ಓದುವನು. ಹೀಗೆ ಓದಿ ಓದಿ ಅವನಿಗೆ ಅಡ್ಡಿಯೇ ಇಲ್ಲದಂತಾಯಿತು. ಒಂದೇ ಪಠ್ಯಪುಸ್ತಕವನ್ನು ಇಬ್ಬರು ಮೂವರು ಹಂಚಿಕೊಂಡು ಓದಿ ಮೇಲೆ ಬಂದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಚಿತ್ರವು ಅಪರಿಚಿತವೆನಿಸದು. ಆ ವಯಸ್ಸಿನಲ್ಲಿ ಅವನಿಗೆ ಅತ್ಯಂತ ಪ್ರಿಯವಾದ ವಿಷಯವೆಂದರೆ ಖಗೋಳ. ನಕ್ಷತ್ರ, ಗ್ರಹಗಳನ್ನು ಕುರಿತು ಪದ್ಯಗಳನ್ನೂ ಕಟ್ಟುತ್ತಿದ್ದನು.

ಊರ ಶಾಲೆಯ ಓದು ಮುಗಿದ ಮೇಲೆ ಮನೆಪಾಠದಿಂದ ಸಿದ್ಧನಾಗಿ, ಕೋಪನ್‌ಹೇಗನ್ ವಿಶ್ವವಿದ್ಯಾಲಯವು ನಡೆಸುತ್ತಿದ್ದ ಪ್ರಾಥಮಿಕ ಅರ್ಹತಾ ಪರೀಕ್ಷೆಗೆ ಕುಳಿತಾಗ ಅವನಿಗೆ ಕೇವಲ 14 ವರ್ಷ. ವಯಸ್ಸು ಸಾಲದ್ದರಿಂದ ವಿಶೇಷ ಅನುಮತಿಯನ್ನು ಪಡೆಯಬೇಕಾಯಿತು. ಪರೀಕ್ಷೆಯಲ್ಲಿ ಉನ್ನತ ದರ್ಜೆ ದೊರೆಯಿತು. ಆದರೆ ಮುಂದೆ ಓದಿಸಲು ಮಾಸ್ತರರ ಸಂಬಳ ಸಾಲದು. ಹುಡುಗನು ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲಿಯೇ ಸಹಾಯಕನಾಗಿ ಪಾಠ ಹೇಳಿದನು; ಬಿಡುವಿನಲ್ಲಿ ಫ್ರೆಂಚ್, ಲ್ಯಾಟಿನ್ ಭಾಷೆಗಳನ್ನು ಕಲಿತನು.

ಅವನಿಗೆ 16 ವರ್ಷವಾದಾಗ ದೂರದ ಬಂಧುಗಳೊಬ್ಬರು ಉಚಿತ ವಸತಿಯನ್ನು ಒದಗಿಸಲು ಮುಂದೆ ಬಂದರು. ಅವರ ಆಶ್ರಯದಲ್ಲಿದ್ದುಕೊಂಡು ಫ್ರೆಡರಿಕ್ಸ್‌ಬೋರ್ಗ್ ಪ್ರೌಢಶಾಲೆಯಲ್ಲಿ ಓದಿ, ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯನ್ನು ದಾಟಿ, ವಿದ್ಯಾರ್ಥಿವೇತನವನ್ನೂ ಗಳಿಸಿಕೊಂಡನು. ಉಚಿತ ಪ್ರಸಾದ ನಿಲಯಗಳ ಬೆಲೆ ಏನೆಂಬುದನ್ನು ಈ ಭಾಗದ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆ ಬಂಧುವಿನ ಮನೆಯ ಬಾಗಿಲು ತೆರೆಯದಿದ್ದರೆ ಲೋನ್‌ಬೋರ್ಗಿನ ಶಾಲೆಗೆ ಮತ್ತೊಬ್ಬ ಒಳ್ಳೆಯ ಮಾಸ್ತರರು ಸಿಗುತ್ತಿದ್ದರು. ಜಗತ್ತಿನ ದೂರವಾಣಿಗೆ ಎರ್ಲಾಂಗರು ಸಿಗುತ್ತಿರಲಿಲ್ಲ.

1901ರಲ್ಲಿ ಗಣಿತವನ್ನು ಮುಖ್ಯ ವಿಷಯವಾಗಿಯೂ ಖಗೋಳ, ಭೌತ, ರಸಾಯನಗಳನ್ನು ಉಪವಿಷಯಗಳಾಗಿಯೂ ತೆಗೆದುಕೊಂಡು ಎಂ.ಎ. ಪದವಿಯನ್ನು ಪಡೆದ ಎರ್ಲಾಂಗರು ಮುಂದಿನ ಏಳು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಶಿಕ್ಷಕರಾಗಿ ದುಡಿದರು. ಮನಸ್ಸಿನ ಒಲವು ಸಂಶೋಧನೆಯ ಕಡೆಗೆ ಇದ್ದರೂ ಪಾಠ ಹೇಳುವುದರಲ್ಲಿ ಅವರು ಹಿಂದೆ ಬೀಳಲಿಲ್ಲ. ಉತ್ತಮ ಅಧ್ಯಾಪಕರೆಂದೇ ಹೆಸರು ಪಡೆದರು. ಮಿತಭಾಷಿಗಳು. ನಾಲ್ಕು ಜನ ಸೇರಿದಲ್ಲಿ ತಾವು ಮಾತಾಡುವುದಕ್ಕಿಂತ ಇತರರನ್ನು ಗಮನಿಸುತ್ತ ಕುಳಿತುಕೊಳ್ಳುವುದೇ ಅವರಿಗೆ ಇಷ್ಟ. ಗೆಳೆಯರು ಅವರಿಗೆ ತನ್ನಷ್ಟಕ್ಕೆ ತಾನಿರುವವನು ಎಂಬರ್ಥದ ಅಡ್ಡಹೆಸರನ್ನೇ ಇಟ್ಟಿದ್ದರು. ಜನರ ಮಾತನ್ನೆಲ್ಲ ಅಳೆದವರು ತಾವು ಮಾತ್ರ ಬಹಳ ಕಡಿಮೆ ಮಾತನಾಡುತ್ತಿದ್ದರೆಂಬುದು ಒಂದು ವಿನೋದವೇ ಸರಿ. ಬೇಸಿಗೆಯ ರಜೆಗಳಲ್ಲಿ ಫ್ರಾನ್ಸ್, ಸ್ವೀಡನ್, ಜರ್ಮನಿ, ಬ್ರಿಟನ್ ದೇಶಗಳನ್ನು ಸುತ್ತಿ ಅಲ್ಲಿನ ಚಿತ್ರಶಾಲೆಗಳನ್ನೂ ಗ್ರಂಥಾಲಯಗಳನ್ನೂ ನೋಡಿ ಬರುತ್ತಿದ್ದರು.

ಶಾಲೆಯ ಕೆಲಸದ ಜೊತೆಗೆ ಅವರು ಡೆನ್ಮಾರ್ಕಿನ ಗಣಿತಜ್ಞರ ಸಂಘದ ಸದಸ್ಯರೂ ಆಗಿದ್ದರು. ಸಭೆಗಳಿಗೆ ತಪ್ಪದೆ ಹೋಗುತ್ತಿದ್ದ ಈ ಅಭ್ಯಾಸವೇ ಅವರ ಬಾಳಿನ ದಾರಿಯನ್ನು ತಿರುಗಿಸಿತು. ಅಲ್ಲಿ ಅವರಿಗೆ ಜೋಹಾನ್ ಜೆನ್ಸನ್ ಎಂಬವರ ಪರಿಚಯವಾಯಿತು. ಜೆನ್ಸನರು ಕೋಪನ್‌ಹೇಗನ್ ದೂರವಾಣಿ ಕಂಪನಿಯ ಮುಖ್ಯ ಎಂಜಿನಿಯರರು. ಗಣಿತದಲ್ಲಿ ಯಾವ ಪ್ರಾಧ್ಯಾಪಕ ಪದವಿಯೂ ಇಲ್ಲದೆ, ಕಚೇರಿಯ ಕೆಲಸ ಮುಗಿದ ಮೇಲೆ ಗಣಿತ ಮಾಡಿದವರು. ಉನ್ನತ ಗಣಿತದ ವಿದ್ಯಾರ್ಥಿಗಳೆಲ್ಲರೂ ಓದುವ ಅಸಮಾನತೆಯೊಂದು ಇಂದಿಗೂ ಅವರ ಹೆಸರಿನಲ್ಲಿದೆ. ಅದೇ ಕಂಪನಿಯ ಆಡಳಿತ ನಿರ್ದೇಶಕರಾದ ಫ್ರಿಟ್ಸ್ ಯೋಹಾನ್ಸೆನ್ನರು ಗ್ರಾಹಕರು ಎಷ್ಟು ಹೊತ್ತು ಕಾಯುವರೆಂಬುದನ್ನು ಕುರಿತು ಆಗಲೇ ಆಲೋಚಿಸಿ ಬರೆದಿದ್ದರು. ಜೆನ್ಸನರ ಮೂಲಕ ಇವರ ಪರಿಚಯವಾಗಿ, 1908ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಎರ್ಲಾಂಗರು ಆ ಕಂಪನಿಯನ್ನು ವೈಜ್ಞಾನಿಕ ಸಹಾಯಕರಾಗಿ ಸೇರಿದರು. ಮುಂದೆ ಅದರ ಪ್ರಯೋಗಾಲಯದ ಮುಖ್ಯಸ್ಥರಾದರು.

ಪ್ರಯೋಗಾಲಯವೆಂದೊಡನೆ ಬಿಳಿಯ ಅಂಗಿ ತೊಟ್ಟ ಸಹಾಯಕರ ಸಾಲನ್ನು ಊಹಿಸಿಕೊಳ್ಳಬಾರದು. ಮೊದಮೊದಲು ಅವರಿಗೆ ಒಬ್ಬ ಸಹಾಯಕನೂ ಇರಲಿಲ್ಲ. ನೆಲದಡಿಯ ಕೇಬಲ್ಲುಗಳಲ್ಲಿ ಎಲ್ಲೆಲ್ಲಿಂದಲೋ ಸೋರಿ ಬರುವ ವಿದ್ಯುತ್ತನ್ನು ಅಳೆಯುವ ಕೆಲಸವನ್ನು ಸ್ವತಃ ಮಾಡಬೇಕಿತ್ತು. ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಎರ್ಲಾಂಗರು ಮುಂದೆ, ಏಣಿ ಹೊತ್ತ ಕೂಲಿಯವನು ಹಿಂದೆ ನಡೆದು ಹೋಗುವುದನ್ನು ಜನರು ಆಗಾಗ ಕಾಣುತ್ತಿದ್ದರು. ಆ ಏಣಿಯನ್ನಿಟ್ಟು ಕೇಬಲ್ಲಿನ ಗುಂಡಿಗಳಿಗೆ ಇಳಿದು ಅಳತೆಗಳನ್ನು ತೆಗೆಯುತ್ತಿದ್ದರು.

ಇನ್ನು ಅವರ ಮುಖ್ಯ ಕಾರ್ಯಕ್ಕೆ ಬರೋಣ. ದೂರವಾಣಿ ಕೇಂದ್ರವೊಂದರಲ್ಲಿ ಎಷ್ಟು ಮಾರ್ಗಗಳಿರಬೇಕೆಂಬುದು ಕಂಪನಿಯ ಮುಂದಿದ್ದ ಪ್ರಶ್ನೆ. ಹೆಚ್ಚು ಹಾಕಿದರೆ ತಾಮ್ರಕ್ಕೆ, ಯಂತ್ರಕ್ಕೆ ಸುರಿದ ಹಣವು ಸುಮ್ಮನೆ ಬಿದ್ದಿರುವುದು. ಕಡಿಮೆ ಹಾಕಿದರೆ ಹಣ ಕೊಟ್ಟ ಗ್ರಾಹಕನು ಮಾತಾಡಲಾಗದೆ ಮರಳುವನು. ಯಾರು ಯಾವ ಕ್ಷಣದಲ್ಲಿ ಕರೆ ಮಾಡುವರೆಂದು ಯಾರೂ ಹೇಳಲಾರರು. ಹೀಗಿರುವಲ್ಲಿ ಲೆಕ್ಕ ಸಾಧ್ಯವೇ? 1909ರಲ್ಲಿ ಪ್ರಕಟಿಸಿದ ತಮ್ಮ ಮೊದಲನೆಯ ಪ್ರಬಂಧದಲ್ಲಿ ಎರ್ಲಾಂಗರು ಸಾಧ್ಯವೆಂದು ತೋರಿಸಿದರು. ಒಬ್ಬೊಬ್ಬನ ಕರೆಯು ಅನಿಶ್ಚಿತವಾದರೂ ಪರಸ್ಪರ ಸಂಬಂಧವಿಲ್ಲದ ಅನೇಕರ ಕರೆಗಳು ಒಟ್ಟಿನಲ್ಲಿ ಒಂದು ನಿಯಮಕ್ಕೆ ಒಳಪಟ್ಟಿವೆ. ಅದು ಫ್ರಾನ್ಸಿನ ಪ್ವಾಸೋನ್ ಎಂಬ ಗಣಿತಜ್ಞನು 1837ರಲ್ಲಿಯೇ ಹೇಳಿದ ನಿಯಮ ಎಂಬುದು ಆ ಪ್ರಬಂಧದ ಸಾರ.

ಎಂಟು ವರ್ಷಗಳ ಬಳಿಕ, 1917ರಲ್ಲಿ, ಅವರ ಅತ್ಯಂತ ಮಹತ್ವದ ಪ್ರಬಂಧವು ಹೊರಬಂದಿತು. ಆಪರೇಟರರ ಕೈಯಿಂದ ನಡೆಯುತ್ತಿದ್ದ ಕೇಂದ್ರಗಳ ಸ್ಥಾನದಲ್ಲಿ ಸ್ವಯಂಚಾಲಿತ ಕೇಂದ್ರಗಳು ತಲೆಯೆತ್ತುತ್ತಿದ್ದ ಕಾಲವದು. ಇದರಲ್ಲಿ ಅವರು ಹಿಡಿದ ದಾರಿಯನ್ನು ಒಂದು ವಾಚನಾಲಯದ ಉದಾಹರಣೆಯಿಂದ ತಿಳಿಯಬಹುದು. ವಾಚನಾಲಯಕ್ಕೆ ಜನರು ಬರುತ್ತಲೇ ಇರುವರು, ಎದ್ದು ಹೋಗುತ್ತಲೇ ಇರುವರು. ಒಳಗೆ ಹೆಚ್ಚು ಮಂದಿ ಇದ್ದಷ್ಟೂ ಎದ್ದು ಹೋಗುವವರ ಸಂಖ್ಯೆ ಹೆಚ್ಚುವುದು. ಕೆಲಕಾಲದ ಮೇಲೆ ಒಳಬರುವವರಿಗೂ ಹೊರಹೋಗುವವರಿಗೂ ಒಂದು ಸಮತೋಲನ ಏರ್ಪಡುವುದು. ಆ ಸಮತೋಲನದಲ್ಲಿ ಎಲ್ಲ ಪೀಠಗಳೂ ತುಂಬಿರುವ ಸಂಭವ ಎಷ್ಟೆಂದು ಎಣಿಸಿದರೆ, ಬಂದವನಿಗೆ ಸ್ಥಳವಿಲ್ಲವೆನ್ನುವ ಪ್ರಸಂಗ ಎಷ್ಟು ಸಲ ಬರುವುದೆಂದು ತಿಳಿಯಿತು. ಇದೇ ಅವರ ನಷ್ಟದ ಸೂತ್ರ. ಸ್ಥಳವಿಲ್ಲದವನು ಮರಳದೆ ಬಾಗಿಲಲ್ಲಿ ನಿಂತು ಕಾಯುವುದಾದರೆ ಎಷ್ಟು ಹೊತ್ತು ಕಾಯಬೇಕೆಂಬುದಕ್ಕೆ ಅದೇ ಪ್ರಬಂಧದಲ್ಲಿ ಇನ್ನೊಂದು ಸೂತ್ರವಿದೆ.

ಸೂತ್ರಗಳನ್ನು ಇಲ್ಲಿ ಬರೆದು ವಾಚಕರನ್ನು ದಣಿಸುವುದು ಬೇಡ. ಆದರೆ ಲೆಕ್ಕವೊಂದನ್ನು ಮಾಡಿ ನೋಡದೆ ಅವುಗಳ ಸ್ವಾರಸ್ಯ ತಿಳಿಯಲಾರದು. ಒಂದು ಮಾರ್ಗವು ಒಂದು ಗಂಟೆಯ ಕಾಲ ಬಿಡುವಿಲ್ಲದೆ ಮಾತಿನಿಂದ ತುಂಬಿದ್ದರೆ ಆ ದಟ್ಟಣೆಯು 1 ಎರ್ಲಾಂಗ್. ಉದಾಹರಣೆಗಾಗಿ, ದಿನದ ಅತ್ಯಂತ ಗರ್ದಿಯ ಗಂಟೆಯಲ್ಲಿ ಆಳಂದದಿಂದ ಬೆಂಗಳೂರಿಗೆ 60 ಕರೆಗಳೆಂದೂ ಒಂದೊಂದು ಕರೆಯು ಸರಾಸರಿ 3 ಮಿನಿಟಿನದೆಂದೂ ಊಹಿಸಿಕೊಳ್ಳೋಣ. ಒಟ್ಟು 180 ಮಿನಿಟು, ಎಂದರೆ ಮೂರು ಗಂಟೆ. ದಟ್ಟಣೆಯು 3 ಎರ್ಲಾಂಗ್. ಅಫಜಲಪುರ, ಜೇವರ್ಗಿಗಳಿಂದಲೂ ಇಷ್ಟಿಷ್ಟೇ ಕರೆಗಳೆನ್ನೋಣ.

ಮೂರು ಗಂಟೆಯ ಮಾತಿಗೆ ಮೂರು ಮಾರ್ಗ ಸಾಕಲ್ಲವೇ ಎಂದು ಯಾರಿಗಾದರೂ ಅನಿಸುವುದು ಸಹಜ. ಎರ್ಲಾಂಗರ ಸೂತ್ರ ಹೇಳುವುದೇ ಬೇರೆ. ಜನರು ಸರದಿಯಂತೆ ಒಬ್ಬರಾದ ಮೇಲೊಬ್ಬರು ಬರುವುದಿಲ್ಲ. ಒಮ್ಮೆ ಐವರು ಒಟ್ಟಿಗೆ ಬರುವರು, ಒಮ್ಮೆ ಯಾರೂ ಇರರು. ಆದುದರಿಂದ ಮೂರೇ ಮಾರ್ಗಗಳಿದ್ದರೆ ನೂರರಲ್ಲಿ ಸುಮಾರು 35 ಮಂದಿ ಮರಳಬೇಕಾಗುವುದು. ನಾಲ್ಕಿದ್ದರೆ 21, ಐದಿದ್ದರೆ 11, ಆರಿದ್ದರೆ 5. ನೂರಕ್ಕೆ ಒಬ್ಬನಿಗಿಂತಲೂ ಕಡಿಮೆ ಮಂದಿ ಮರಳಬೇಕೆಂದರೆ ಎಂಟು ಮಾರ್ಗಗಳು ಬೇಕು. ಸರಾಸರಿಯನ್ನು ನಂಬಿ ಯೋಜನೆ ಮಾಡಿದವನು ಮೂವರಲ್ಲಿ ಒಬ್ಬನನ್ನು ಬಾಗಿಲಿನಿಂದಲೇ ಕಳುಹಿಸುವನೆಂಬ ಸತ್ಯವು ಹೀಗೆ ಅಂಕಿಗಳಲ್ಲಿ ಗೋಚರವಾಯಿತು.

ಇದಕ್ಕೂ ಮಿಗಿಲಾದ ಸ್ವಾರಸ್ಯ ಮುಂದಿದೆ. ಮೂರು ತಾಲ್ಲೂಕುಗಳಿಗೂ ಬೆಂಗಳೂರಿಗೆ ಬೇರೆ ಬೇರೆ ಮಾರ್ಗಗಳನ್ನು ಹಾಕಿದರೆ ಎಂಟೆಂಟರಂತೆ 24 ಬೇಕಾಗುವವು. ಬದಲಿಗೆ ಮೂರರ ಕರೆಗಳನ್ನೂ ಕಲಬುರಗಿಯಲ್ಲಿ ಕೂಡಿಸಿ, ಅಲ್ಲಿಂದ ಬೆಂಗಳೂರಿನವರೆಗಿನ ಮಾರ್ಗಗಳನ್ನು ಎಲ್ಲರಿಗೂ ಸಾಮಾನ್ಯವಾಗಿಟ್ಟರೆ ದಟ್ಟಣೆಯು 9 ಎರ್ಲಾಂಗ್ ಆಗುವುದು. ಅದಕ್ಕೆ 17 ಮಾರ್ಗಗಳಿದ್ದರೂ ನೂರಕ್ಕೆ ಒಬ್ಬನಿಗಿಂತ ಕಡಿಮೆ ಮಂದಿಯೇ ಮರಳುವರು. ತಾಲ್ಲೂಕಿನಿಂದ ಕಲಬುರಗಿಯವರೆಗಿನ ಹತ್ತಿರದ ಮಾರ್ಗಗಳು ಹೇಗೂ ಬೇಕು. ಆದರೆ ಮುಂದಿನ ಸುಮಾರು 600 ಕಿಲೋಮೀಟರಿನ ದಾರಿಯಲ್ಲಿ ಏಳು ಮಾರ್ಗಗಳ ಖರ್ಚು ಉಳಿಯಿತು. ಆಳಂದದವರು ಸುಮ್ಮನಿರುವಾಗ ಜೇವರ್ಗಿಯವರಿಗೆ, ಜೇವರ್ಗಿಯವರು ಸುಮ್ಮನಿರುವಾಗ ಅಫಜಲಪುರದವರಿಗೆ ಮಾರ್ಗವು ಒದಗುವುದೇ ಇದರ ಗುಟ್ಟು. ಚಿಕ್ಕ ಊರುಗಳು ಒಂಟಿಯಾಗಿ ನಿಂತಾಗ ಅವುಗಳಿಗೆ ತಗಲುವ ವೆಚ್ಚವೇ ಹೆಚ್ಚು. ಕೂಡಿ ಬಳಸುವುದರಲ್ಲಿ ಎಷ್ಟು ಉಳಿತಾಯವೆಂಬುದನ್ನು ಹಿರಿಯರು ಬಾಯಿಮಾತಿನಲ್ಲಿ ಹೇಳುತ್ತಿದ್ದರು. ಎರ್ಲಾಂಗರು ಅದನ್ನು ಎಣಿಸಿ ಹೇಳಿದರು.

ಕಾಯುವವರ ಲೆಕ್ಕವು ಇನ್ನೂ ಕಟುವಾದುದು. 3 ಎರ್ಲಾಂಗ್ ದಟ್ಟಣೆಗೆ ಮೂರೇ ಮಾರ್ಗಗಳನ್ನಿಟ್ಟು ಬಂದವರನ್ನೆಲ್ಲ ಸರದಿಯಲ್ಲಿ ನಿಲ್ಲಿಸಿದರೆ ಆ ಸರದಿಯು ಬೆಳೆಯುತ್ತಲೇ ಹೋಗುವುದು, ಅದಕ್ಕೆ ಕೊನೆಯೆಂಬುದಿಲ್ಲ. ಇನ್ನೊಂದೇ ಒಂದು ಮಾರ್ಗವನ್ನು ಕೂಡಿಸಿದರೆ ಸುಮಾರು ಅರ್ಧದಷ್ಟು ಜನರು ಕಾಯಲೇಬೇಕಾಗುವುದಿಲ್ಲ, ಒಟ್ಟು ಸರಾಸರಿಯೂ ಒಂದೂವರೆ ಮಿನಿಟಿಗೆ ಇಳಿಯುವುದು. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಕಟ್ಟೆಯ ಮೇಲೆ ಗಂಟೆಗಟ್ಟಲೆ ಕುಳಿತ ದಿನಗಳನ್ನು ಕಂಡವರು ಈ ಅಂಕಿಗಳನ್ನು ಓದಿ ನಿಟ್ಟುಸಿರು ಬಿಡಬಹುದು. ಆಗ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಲ್ಲಿ ತರತಮವಿದ್ದುದೂ ಅವರಿಗೆ ನೆನಪಿರಬೇಕು. ಹೆಚ್ಚಿನ ದರ ತೆತ್ತವನಿಗೆ ಮುಂದಿನ ಸ್ಥಾನ ಸಿಗುತ್ತಿತ್ತು ನಿಜ. ಆದರೆ ಅದರಿಂದ ಒಂದು ಮಾರ್ಗವೂ ಹೆಚ್ಚಲಿಲ್ಲ, ದಟ್ಟಣೆಯೂ ಕುಗ್ಗಲಿಲ್ಲ. ಆರ್ಡಿನರಿ ಎಂದು ಬರೆಸಿದ ಬಡವನು ಮತ್ತಷ್ಟು ಹಿಂದಕ್ಕೆ ಸರಿದನು, ಅಷ್ಟೇ. ಕೊರತೆಯಿದ್ದುದು ಮಾರ್ಗಗಳಲ್ಲಿ, ಮಾರಾಟಕ್ಕಿಟ್ಟಿದ್ದು ಸರದಿಯನ್ನು.

ಎರ್ಲಾಂಗರ ನಷ್ಟದ ಸೂತ್ರದಲ್ಲಿ ಒಂದು ವಿಶೇಷವುಂಟು. ಕೆಲವರು ಒಂದು ಮಿನಿಟಿನಲ್ಲಿ ಮುಗಿಸಲಿ, ಕೆಲವರು ಹತ್ತು ಮಿನಿಟು ಹರಟಲಿ, ಸರಾಸರಿ ಒಂದೇ ಆಗಿದ್ದರೆ ಮರಳುವವರ ಪ್ರಮಾಣ ಬದಲಾಗುವುದಿಲ್ಲ. ಎಲ್ಲ ಬಗೆಯ ಕರೆಗಳಿಗೂ ಇದು ಸಲ್ಲುವುದೆಂಬುದನ್ನು ಮುಂದಿನ ಗಣಿತಜ್ಞರು ಪೂರ್ಣವಾಗಿ ಸಾಧಿಸಿದರು. ಒಂದು ಮಿತಿಯೂ ಉಂಟು. ಮಾರ್ಗ ಸಿಗದವನು ಸುಮ್ಮನೆ ಹೊರಟುಹೋಗುವನೆಂದು ಆ ಸೂತ್ರವು ಭಾವಿಸುತ್ತದೆ. ನಿಜವಾದ ಮನುಷ್ಯನು, ಅದರಲ್ಲಿಯೂ ಮನೆಯಲ್ಲಿ ಕಾಯಿಲೆಯವರಿದ್ದಾಗ, ಮತ್ತೆ ಮತ್ತೆ ಪ್ರಯತ್ನಿಸದೆ ಬಿಡನು. ಹೀಗೆ ಮರುಪ್ರಯತ್ನಗಳು ಸೇರಿ ದಟ್ಟಣೆಯು ಇಮ್ಮಡಿಸುವುದರಿಂದ, ಮಾರ್ಗಗಳು ತೀರ ಕಡಿಮೆಯಿರುವಲ್ಲಿ ಸೂತ್ರ ಹೇಳುವುದಕ್ಕಿಂತ ಸ್ಥಿತಿಯು ಕೆಟ್ಟದಾಗಿರುವುದು. ದತ್ತ ಜಯಂತಿಯಂದು ಗಾಣಗಾಪುರದಲ್ಲಿ ನೆರೆಯುವಂಥ ಜನಸಂದಣಿಯಲ್ಲಿ ನಿಂತು ಮೊಬೈಲಿನ ಗುಂಡಿಯನ್ನು ಪದೇ ಪದೇ ಒತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪ್ರಬಂಧಗಳ ಕೀರ್ತಿ ಬೇಗನೆ ಹರಡಿತು. ಅವು ಇಂಗ್ಲಿಷ್, ಫ್ರೆಂಚ್, ಜರ್ಮನ್ ಭಾಷೆಗಳಿಗೆ ಅನುವಾದವಾದವು. ಬ್ರಿಟನ್ನಿನ ಅಂಚೆ ಇಲಾಖೆಯು ದೂರವಾಣಿ ಮಾರ್ಗಗಳ ಸಂಖ್ಯೆಯನ್ನು ನಿರ್ಧರಿಸಲು ಅವರ ನಷ್ಟದ ಸೂತ್ರವನ್ನೇ ಆಧಾರವಾಗಿ ಸ್ವೀಕರಿಸಿತು. ಅಲ್ಲಿನ ವಿದ್ಯುತ್ ಎಂಜಿನಿಯರರ ಸಂಸ್ಥೆಯು ಅವರನ್ನು ಸಹಸದಸ್ಯರನ್ನಾಗಿ ಮಾಡಿಕೊಂಡಿತು. ಎರ್ಲಾಂಗರ ಬರವಣಿಗೆ ಮಾತ್ರ ಅವರ ಮಾತಿನಂತೆಯೇ ಬಹಳ ಸಂಕ್ಷಿಪ್ತ. ಎಷ್ಟೋ ಕಡೆ ಸಾಧನೆಗಳನ್ನೇ ಬಿಟ್ಟು ಉತ್ತರವನ್ನಷ್ಟೇ ಬರೆದಿರುವರು. ಅಮೆರಿಕದ ಬೆಲ್ ಪ್ರಯೋಗಾಲಯದ ಸಂಶೋಧಕರೊಬ್ಬರು ಇವರ ಪ್ರಬಂಧಗಳನ್ನು ಮೂಲದಲ್ಲಿಯೇ ಓದಬೇಕೆಂದು ಡೇನಿಷ್ ಭಾಷೆಯನ್ನು ಕಲಿತರಂತೆ. ಕೆಲವೇ ದಶಲಕ್ಷ ಜನರಾಡುವ ಭಾಷೆಯಲ್ಲಿ ಬರೆದುದನ್ನು ಓದಲು ದೊಡ್ಡ ದೇಶದ ವಿದ್ವಾಂಸನು ಆ ಭಾಷೆಯನ್ನೇ ಕಲಿಯಬೇಕಾಗಿ ಬಂದುದು ಕನ್ನಡದಲ್ಲಿ ವಿಜ್ಞಾನ ಬರೆಯುವವರು ಗಮನಿಸತಕ್ಕ ಸಂಗತಿ. ಗಣಿತದ ಕೋಷ್ಟಕಗಳಲ್ಲಿ ಬರುವ ಸರಾಸರಿ ದೋಷವನ್ನು ತಗ್ಗಿಸುವ ಬಗೆಯನ್ನು ಕುರಿತೂ ಎರ್ಲಾಂಗರು ಬರೆದಿದ್ದಾರೆ. ಪ್ರಯೋಗಾಲಯಕ್ಕೆ ಬೇಕಾದ ಅಳತೆಯ ಉಪಕರಣಗಳನ್ನೂ ರೂಪಿಸಿದರು.

ಅವರು ಮದುವೆಯಾಗಲಿಲ್ಲ. ರಾತ್ರಿ ಬಹಳ ಹೊತ್ತಿನವರೆಗೆ ಕೆಲಸದಲ್ಲಿರುವುದು ರೂಢಿಯಾಗಿತ್ತು. ಗಣಿತ, ಖಗೋಳ, ಭೌತಶಾಸ್ತ್ರಗಳ ದೊಡ್ಡದೊಂದು ಗ್ರಂಥಭಂಡಾರವನ್ನು ಕೂಡಿಸಿದ್ದರು. ಇತಿಹಾಸ, ತತ್ತ್ವಶಾಸ್ತ್ರ, ಕಾವ್ಯಗಳಲ್ಲಿಯೂ ಆಸಕ್ತಿಯಿತ್ತು. ಗೆಳೆಯರು ಏನನ್ನಾದರೂ ತಿಳಿಯಬೇಕಾದರೆ ಅವರ ಬಳಿಗೆ ಬರುವರು. ಅವರು ಬೇಸರಿಸದೆ ತಿಳಿಸುವರು. ಕಷ್ಟದಲ್ಲಿರುವ ಬಡಜನರು ಪ್ರಯೋಗಾಲಯದ ಬಾಗಿಲಿಗೇ ಬಂದು ಸಹಾಯ ಕೇಳುತ್ತಿದ್ದರು. ಎರ್ಲಾಂಗರು ಸಾಮಾನ್ಯವಾಗಿ ಇಲ್ಲವೆನ್ನುತ್ತಿರಲಿಲ್ಲ. ಕೊಟ್ಟುದು ಅಕ್ಕಪಕ್ಕದವರ ಕಣ್ಣಿಗೆ ಬೀಳದಂತೆ ಕೊಡುತ್ತಿದ್ದರು. ಪರರ ಮನೆಯ ಆಶ್ರಯದಲ್ಲಿ ಓದಿದವರಿಗೆ ಕೇಳುವವನ ಸಂಕೋಚ ತಿಳಿದಿರುವುದು ಸಹಜವಲ್ಲವೇ?

ಕಂಪನಿಯಲ್ಲಿ ಅವರು ಸುಮಾರು 20 ವರ್ಷ ದುಡಿದರು. ಆ ಅವಧಿಯಲ್ಲಿ ಕಾಯಿಲೆಯೆಂದು ಒಂದು ದಿನವೂ ರಜೆ ಪಡೆದವರಲ್ಲ. 1929ರ ಜನವರಿಯಲ್ಲಿ ಉದರದ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರಿದವರು ಮರಳಿ ಬರಲಿಲ್ಲ. ಕೆಲವೇ ದಿನಗಳಲ್ಲಿ, ಫೆಬ್ರುವರಿ 3ರ ಭಾನುವಾರದಂದು, 51ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಅವರ ಹೆಸರು ಏಕಮಾನವಾದುದು ಅವರ ಜೀವಿತದಲ್ಲಿ ಅಲ್ಲ. 1944ರ ಹೊತ್ತಿಗೆ ಸ್ಕ್ಯಾಂಡಿನೇವಿಯದ ದೇಶಗಳಲ್ಲಿ ದೂರವಾಣಿ ದಟ್ಟಣೆಯನ್ನು ಎರ್ಲಾಂಗ್‌ಗಳಲ್ಲಿ ಹೇಳುವುದು ಬಳಕೆಗೆ ಬಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಸ್ವಿಟ್ಜರ್ಲೆಂಡಿನ ಮಾಂಟ್ರೋ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ದೂರವಾಣಿ ಸಲಹಾ ಸಮಿತಿಯು ಅದನ್ನು ಅಂಗೀಕರಿಸಿತು. 1948ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅವರ ಜೀವನ ಮತ್ತು ಕೃತಿಗಳ ಸಂಪುಟವೊಂದು ಪ್ರಕಟವಾಯಿತು. ಅಮೆರಿಕದವರು ಬಹುಕಾಲ ನೂರು ಸೆಕೆಂಡುಗಳ ಕರೆಯನ್ನು ಒಂದು ಮಾನವಾಗಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದರು. ಅಂಥ 36 ಮಾನಗಳಿಗೆ 1 ಎರ್ಲಾಂಗ್. ಟೆಲಿಫೋನಿಗಾಗಿ ಹುಟ್ಟಿದ ಈ ಗಣಿತವು ಈಗ ಆಸ್ಪತ್ರೆಗೆ ಎಷ್ಟು ಹಾಸಿಗೆ, ಬ್ಯಾಂಕಿಗೆ ಎಷ್ಟು ಕೌಂಟರು ಎಂಬ ಪ್ರಶ್ನೆಗಳಿಗೂ ಉತ್ತರ ಕೊಡುತ್ತಿದೆ. ಸ್ವೀಡನ್ನಿನ ಎರಿಕ್ಸನ್ ಕಂಪನಿಯವರು 1986ರಲ್ಲಿ ದೂರವಾಣಿ ಯಂತ್ರಗಳಿಗಾಗಿ ರೂಪಿಸತೊಡಗಿದ ಕಂಪ್ಯೂಟರ್ ಭಾಷೆಗೆ ಎರ್ಲಾಂಗ್ ಎಂದೇ ಹೆಸರಿಟ್ಟರು. ನಮ್ಮ ಮಕ್ಕಳು ಮೊಬೈಲಿನಲ್ಲಿ ಬಳಸುವ ವಾಟ್ಸಾಪ್ ಸಂದೇಶಗಳನ್ನು ಸಾಗಿಸುವ ಯಂತ್ರಗಳು ನಡೆಯುವುದು ಆ ಭಾಷೆಯಿಂದಲೇ.

ಅದೇ 1986ರಲ್ಲಿ ಕರ್ನಾಟಕದಲ್ಲಿಯೂ ಒಂದು ಘಟನೆ ನಡೆಯಿತು. ಭಾರತ ಸರ್ಕಾರವು 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯ ಎಂಜಿನಿಯರರು ಹಳ್ಳಿಗಳಿಗಾಗಿಯೇ ನಿರ್ಮಿಸಿದ, 128 ಮಾರ್ಗಗಳ ಚಿಕ್ಕ ಸ್ವಯಂಚಾಲಿತ ಕೇಂದ್ರವು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಮೊಟ್ಟಮೊದಲು ಕೆಲಸ ಆರಂಭಿಸಿತು. ತಂಪುಗೊಳಿಸಿದ ಕೋಣೆಯಿಲ್ಲದೆ, ನಮ್ಮ ಬಿಸಿಲು ಧೂಳುಗಳಲ್ಲಿಯೂ ನಡೆಯತಕ್ಕ ಯಂತ್ರವದು. ಶ್ರೀಮಂತ ದೇಶಗಳಲ್ಲಿ ಮನೆಗೊಂದು ಫೋನು. ಅದು ದಿನದ ಬಹುಭಾಗ ಸುಮ್ಮನಿರುತ್ತಿತ್ತು. ಇಲ್ಲಿಯೋ, ಊರಿಗೆಲ್ಲ ಒಂದೋ ಎರಡೋ. ಒಂದೊಂದನ್ನೂ ಅನೇಕರು ಬಳಸುತ್ತಿದ್ದರು. ಆದುದರಿಂದ ಒಂದು ಮಾರ್ಗದ ಮೇಲೆ ಬೀಳುವ ಎರ್ಲಾಂಗ್ ಭಾರವು ಪರದೇಶದ ಯಂತ್ರಗಳನ್ನು ರೂಪಿಸಿದವರು ಎಣಿಸಿದುದಕ್ಕಿಂತ ಬಹಳ ಹೆಚ್ಚಾಗಿತ್ತು. ಸಿ-ಡಾಟಿನವರು ಆ ಭಾರವನ್ನು ನಮ್ಮ ಊರುಗಳ ಲೆಕ್ಕದಂತೆಯೇ ಹಿಡಿದು ಯಂತ್ರವನ್ನು ಕಟ್ಟಿದರು.